ಕುಳ್ಳಿಯ ನಿಜವಾದ ಹೆಸರು

ಬಿಲಾನ್ ವರ್ಸಾಮೆಯ ಅರ್ಜಿಯನ್ನು ತಿರಸ್ಕರಿಸಲು ಮೇಲ್ಮನವಿ ಮಂಡಳಿ ಕೊಟ್ಟ ಕಾರಣಗಳಲ್ಲಿ ದೊಡ್ಡದು ಇದು: ಹದಿನೈದು ವರ್ಷ ಒಂದೇ ಒಲೆಯ ಮುಂದೆ ಕೂತು ಚಹಾ ಮಾರಿದ ಗೆಳತಿಯ ಹೆಸರು ಆಕೆಗೆ ಗೊತ್ತಿಲ್ಲ. ಗೆಳತಿಯನ್ನು ಬಂದೂಕಿನವರು ಕೊಂದರು, ಹಿಂದಕ್ಕೆ ಕಳಿಸಿದರೆ ನನ್ನನ್ನೂ ಕೊಲ್ಲುತ್ತಾರೆ, ಐರ್ಲೆಂಡಿನಲ್ಲೇ ಇರಲು ಬಿಡಿ ಎಂದು ಕೇಳುವವಳು ಆ ಗೆಳತಿಯನ್ನು ಬರೀ ‘ಕುಳ್ಳಿ’ ಎನ್ನುತ್ತಾಳೆ. ಹೆಸರೇ ಗೊತ್ತಿಲ್ಲದ ಗೆಳತಿ ಇದ್ದಳೆಂದು ನಂಬುವುದು ಹೇಗೆ? ಅದೂ ಸಾಲದೆಂಬಂತೆ, ಈ ಕುಳ್ಳಿ ಇಡೀ ಮಾರುಕಟ್ಟೆಗೇ ಎತ್ತರದ ಹೆಂಗಸಾಗಿದ್ದಳು ಎಂದು ಅರ್ಜಿದಾರಳೇ ಹೇಳಿದ್ದಾಳೆ. ದಾಳಿಯ ದಿನ ‘ಕುಂಟ’ ಎಂಬವನು ತನ್ನ ಜೊತೆ ಬಂದರಿನವರೆಗೂ ಓಡಿದ ಎಂದೂ ಹೇಳಿದ್ದಾಳೆ. ಎತ್ತರದ ಕುಳ್ಳಿ, ಓಡುವ ಕುಂಟ! ಮಂಡಳಿಯವರಿಗೆ ಇದು ಗಂಟಲಿನಿಂದ ಕೆಳಗಿಳಿಯಲಿಲ್ಲ.

“ಕುಂಟ ಇವನಲ್ಲ ಕಣೋ, ಇವನ ತಾತ!” ಎಂದು ಬಿಲಾನ್ ಡಬ್ಲಿನ್ನಿನ ವಕೀಲೆಯ ಕಚೇರಿಯಲ್ಲಿ ಹಣೆ ಚಚ್ಚಿಕೊಂಡಳು. “ತಾತ ಒಂಟೆ ಮೇಲಿಂದ ಬಿದ್ದು ಕುಂಟಿದ. ಮಗನಿಗೂ ಕುಂಟ ಅಂದ್ರು, ಮೊಮ್ಮಗನಿಗೂ ಕುಂಟ ಅಂದ್ರು. ಈ ಮೊಮ್ಮಗನ ಕಾಲಿಗೇನಾಗಿದೆ, ಗುಂಡುಕಲ್ಲಿನ ಹಾಗಿದೆ. ಹೇಳೋ ತಮ್ಮಾ, ಸರಿಯಾಗಿ ಹೇಳು ಅವಳಿಗೆ.”

ತಮ್ಮ ಎನಿಸಿಕೊಂಡವನು ಅವಳ ಊರಿನವನೇ ಆದ ಸಮತಾರ್. ಡಬ್ಲಿನ್ನಿನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ, ಊರಿನವರಿಗೆ ಕೇಳಿದಾಗಲೆಲ್ಲ ಮಾತು ತಿರುಗಿಸಿ ಹೇಳುತ್ತಾನೆ. ಅವನ ಬಾಯಿ ನಿದ್ದೆಯಲ್ಲೂ ನಿಲ್ಲುವುದಿಲ್ಲವಾದ್ದರಿಂದ ಬಿಲಾನ್ ಅವನಿಗೆ ರೇಡಿಯೋ ಎಂದು ಹೆಸರಿಟ್ಟಿದ್ದಳು. ಇಟ್ಟ ವಾರದೊಳಗೆ ಊರವರ ಬಾಯಲ್ಲೆಲ್ಲ ಅದೇ ಆಯಿತು. ಅವನ ಹೆಂಡತಿಯೂ ಈಗ ಹಾಗೆಯೇ ಕರೆಯುತ್ತಾಳೆ.

“ಸರಿ, ಕುಳ್ಳಿ ಯಾಕೆ ಕುಳ್ಳಿ?” ಎಂದಳು ವಕೀಲೆ ಡರ್ವ್ಲಾ.

“ಅವಳ ಅಕ್ಕಂದಿರು ಇನ್ನೂ ಉದ್ದ. ಮನೇಲಿ ಅವಳೇ ಕುಳ್ಳಿ. ಬೀದಿಗೆ ಬಂದಾಗ ಹೆಸರೂ ಅಂಟ್ಕೊಂಡೇ ಬಂತು.”

“ನಿಜವಾದ ಹೆಸರೇನು ಅಂತ ನೀವು ಒಂದು ದಿನಾನೂ ಕೇಳ್ಲಿಲ್ವಾ?”

“ಹೆಸರಿತ್ತಲ್ಲ, ಕುಳ್ಳಿ ಅಂತ! ಇರೋ ಹೆಸರನ್ನ ಮತ್ತೆ ಯಾಕೆ ಕೇಳ್ಲಿ?”

ಬಿಲಾನಳ ಊರು ಮೆರ್ಕಾ, ಸೊಮಾಲಿಯದ ಕಡಲತಡಿ. ಅಲ್ಲಿ ಬೀದಿಯಲ್ಲಿ ನಿಂತು ಮೊಹಮದ್ ಎಂದು ಕೂಗಿದರೆ ಅರ್ಧ ಬೀದಿ ತಿರುಗಿ ನೋಡುತ್ತದೆ. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಅಡ್ಡಹೆಸರು. ಮೂಗು ದೊಡ್ಡದಿದ್ದರೆ ಮೂಗು, ಕಿವಿ ಅಗಲವಿದ್ದರೆ ಕಿವಿ. ಬೇಜಾರು ಮಾಡಿಕೊಂಡರೆ ಅದಕ್ಕಿಂತ ಕೆಟ್ಟದ್ದೊಂದು ಸಿಗುತ್ತದೆ, ಆದ್ದರಿಂದ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹುಟ್ಟಿದಾಗ ಇಟ್ಟ ಹೆಸರು ಮದುವೆಯ ದಿನ ಒಮ್ಮೆ ಹೊರಗೆ ಬಂದು ಮತ್ತೆ ಪೆಟ್ಟಿಗೆ ಸೇರುತ್ತದೆ. ಬಿಲಾನ್ ಈ ವಿದ್ಯೆಯನ್ನು ಐರ್ಲೆಂಡಿಗೂ ಹೊತ್ತು ತಂದಿದ್ದಳು. ಡರ್ವ್ಲಾಗೆ ಅವಳಿಟ್ಟ ಹೆಸರು ಕಾಲುಚೀಲ, ಏಕೆಂದರೆ ಆ ಹುಡುಗಿಯ ಎರಡು ಕಾಲುಚೀಲ ಯಾವತ್ತೂ ಒಂದೇ ಬಣ್ಣದ್ದಿರಲಿಲ್ಲ. ಇದು ಡರ್ವ್ಲಾಗೆ ಗೊತ್ತಿರಲಿಲ್ಲ.

ಕುಳ್ಳಿ ಮತ್ತು ಬಿಲಾನರದ್ದು ಒಂಥರಾ ಸಂಸಾರವೇ. ಕುಳ್ಳಿ ಚಹಾ ಸೋಸುವವಳು, ಬಿಲಾನ್ ಸಕ್ಕರೆ ಡಬ್ಬಿ ಕಾಯುವವಳು. ಅವರ ಕಡೆ ಚಹಾ ಎಂದರೆ ಏಲಕ್ಕಿ, ಚಕ್ಕೆ, ಶುಂಠಿ ಹಾಕಿ ಪಾಕದಂತೆ ಸಿಹಿಯಾಗಿರಬೇಕು. ಬಿಲಾನ್ ಕೈ ಬಿಗಿಹಿಡಿದು ಹಾಕುತ್ತಿದ್ದಳು, ಕುಳ್ಳಿ ಅವಳ ಕಣ್ಣು ತಪ್ಪಿಸಿ ಮತ್ತೆ ಸುರಿಯುತ್ತಿದ್ದಳು. ದಿನವೂ ಅದೇ ಜಗಳ, ಗಿರಾಕಿಗಳಿಗೆ ಪುಕ್ಕಟೆ ನಾಟಕ. ಸರ್ಕಾರದ ಸೈನಿಕರೂ ಅಲ್ಲಿ ಚಹಾ ಕುಡಿಯುತ್ತಿದ್ದರು. ಅವರಿಗೆ ಕೊಡಬೇಡಿ ಎಂದು, ಸರ್ಕಾರದ ಮೇಲೆ ತಿರುಗಿಬಿದ್ದಿದ್ದ ಬಂದೂಕಿನವರು ಒಬ್ಬನನ್ನು ಹೇಳಿ ಕಳಿಸಿದಾಗ ಕುಳ್ಳಿ ಅವನ ಕೈಗೂ ಒಂದು ಲೋಟ ಕೊಟ್ಟು, “ಬಾಯಾರಿದವನಿಗೆ ಕೊಡ್ತೀನಪ್ಪ, ನಿನಗೂ ಕೊಟ್ಟೆ ತಾನೆ?” ಎಂದಿದ್ದಳು. ಒಂದು ಬೆಳಿಗ್ಗೆ ಬಿಲಾನ್ ಸಕ್ಕರೆ ತರಲು ಹೋಗಿದ್ದಾಗ ಬಂದೂಕಿನವರು ಬಂದರು. ಅವಳು ಮೂಲೆ ತಿರುಗುವ ಹೊತ್ತಿಗೆ ಕುಳ್ಳಿ ಒಲೆಯ ಪಕ್ಕ ಬಿದ್ದಿದ್ದಳು. “ಇನ್ನೊಬ್ಬಳೆಲ್ಲಿ?” ಎಂದು ಅವರು ಕೂಗುತ್ತಿದ್ದುದು ಕೇಳಿಸಿತು. ಕುಂಟ ಅವಳ ಕೈ ಹಿಡಿದು ಎಳೆದುಕೊಂಡು ಓಡಿದ.

ಇಷ್ಟನ್ನೂ ಅವಳು ಮೊದಲು ಅಧಿಕಾರಿಯ ಮುಂದೆ ಹೇಳಿದಳು, ಆಮೇಲೆ ಮಂಡಳಿಯ ಮುಂದೆ ಹೇಳಿದಳು. ಇಬ್ಬರೂ ಇಲ್ಲ ಎಂದರು. ಉಳಿದಿದ್ದು ಹೈಕೋರ್ಟು ಮಾತ್ರ. ಅಲ್ಲೂ ಸೋತರೆ ವಿಮಾನ ಹತ್ತಿಸುತ್ತಾರೆ.

“ಹೈಕೋರ್ಟಲ್ಲಿ ಎಲ್ಲಾ ಬಿಡಿಸಿ ಹೇಳ್ತೀನಿ,” ಎಂದಳು ಬಿಲಾನ್, ಸೆರಗು ಸರಿಮಾಡಿಕೊಂಡು. “ಈ ಸಲ ಏಲಕ್ಕಿ ಎಷ್ಟು ಹಾಕ್ತಿದ್ವಿ ಅನ್ನೋದರಿಂದ ಶುರು ಮಾಡ್ತೀನಿ.”

“ಅಲ್ಲಿ ನೀವು ಮಾತಾಡೋ ಹಾಗಿಲ್ಲ ಬಿಲಾನ್.”

“ಯಾಕೆ?”

“ನೀವು ಹೇಳಿದ್ದು ನಿಜಾನೋ ಸುಳ್ಳೋ ಅಂತ ಆ ನ್ಯಾಯಾಧೀಶರು ನೋಡಲ್ಲ. ಮಂಡಳಿಯವರು ತೀರ್ಮಾನ ಮಾಡಿದ ರೀತಿ ಕಾನೂನಿಗೆ ಸರಿಯಾಗಿತ್ತಾ ಅಂತ ಮಾತ್ರ ನೋಡ್ತಾರೆ. ಕೇಳಬೇಕಾದ್ದು ಕೇಳಿದ್ರಾ, ಓದಬೇಕಾದ್ದು ಓದಿದ್ರಾ, ಅಷ್ಟೇ.”

ರೇಡಿಯೋ ಇದನ್ನು ಎರಡು ಸಲ ತಿರುಗಿಸಿ ಹೇಳಬೇಕಾಯಿತು. ಕೊನೆಗೆ ಬಿಲಾನ್, “ಅಂದ್ರೆ ಚಹಾ ಕುಡಿದು ನೋಡಲ್ಲ,” ಎಂದಳು. “ಪಾತ್ರೆ ತೊಳೆದಿದ್ರಾ ಅಂತ ಮಾತ್ರ ನೋಡ್ತಾರೆ.”

ಡರ್ವ್ಲಾ ಕುರ್ಚಿಯಲ್ಲಿ ನೆಟ್ಟಗೆ ಕೂತಳು. “ಕಾಲೇಜಲ್ಲಿ ನನಗೆ ಇದನ್ನ ಯಾರೂ ಹೀಗೆ ಹೇಳಿಕೊಡಲಿಲ್ಲ.”

“ಪಾತ್ರೆ ಕೊಳಕಾಗಿತ್ತು ಅಂದ್ರೆ ನನಗಿಲ್ಲಿ ಇರೋಕೆ ಬಿಡ್ತಾರಾ?”

“ಇಲ್ಲ. ಪಾತ್ರೆ ತೊಳೆದು ಮತ್ತೆ ಚಹಾ ಮಾಡಿ ಅಂತಾರೆ. ಬೇರೆ ಸದಸ್ಯರ ಮುಂದೆ ಎಲ್ಲಾ ಮೊದಲಿಂದ.”

“ಗೆದ್ರೂ ಮೊದಲಿಂದಾನೇನಾ! ಎಂಥಾ ದೇಶಾನಪ್ಪಾ ಇದು,” ಎಂದಳು ಬಿಲಾನ್. ಆದರೂ ಹೊರಡುವಾಗ ಡರ್ವ್ಲಾಳ ಎರಡೂ ಕೈ ಹಿಡಿದುಕೊಂಡಳು. ಅವಳಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಹೆದರಿಕೆಯಾದರೆ ಸುಮ್ಮನೆ ಕೂರುವ ಜಾಯಮಾನ ಅವಳದ್ದಲ್ಲ. ಆಥ್ಲೋನ್ ಪಟ್ಟಣದ ಒಂದು ಹಳೆಯ ಹೋಟೆಲ್ಲಿನಲ್ಲಿ, ಅವಳಂತೆ ಆಶ್ರಯ ಕೇಳಿ ಬಂದವರನ್ನೆಲ್ಲ ಇರಿಸಿದ್ದ ಕಡೆ, ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅವಳು ಫೋನು ಕೈಗೆತ್ತಿಕೊಂಡಳು. ಕುಳ್ಳಿಯ ನಿಜವಾದ ಹೆಸರು ಪತ್ತೆ ಮಾಡಲೇಬೇಕು. ಮೆರ್ಕಾದವರು ಈಗ ಎಲ್ಲಿಲ್ಲ? ಕಾರ್ಡಿಫಿನಲ್ಲಿರುವ ಮೀನು ಮಾರುವ ಮೂಗು, ಹೆಸರು ಗೊತ್ತಿಲ್ಲ ಎಂದ, ಆದರೆ ಕುಳ್ಳಿ ಒಮ್ಮೆ ತೆರಿಗೆಯವನ ತಲೆಯ ಮೇಲೆ ಚಹಾದ ಚರಟ ಸುರಿದ ಕತೆ ಹೇಳಿ ನಕ್ಕ. ಮಿನಿಯಾಪೊಲಿಸಿನ ಹಲ್ಲಿ ಹೆಸರು ಗೊತ್ತಿಲ್ಲ ಎಂದಳು, ಆದರೆ ತನ್ನ ಮದುವೆಯಲ್ಲಿ ಕುಳ್ಳಿ ಕುಣಿದದ್ದನ್ನು ಹೇಳುತ್ತ ಬಿಕ್ಕಳಿಸಿದಳು. ಮಾಲ್ಮೊದಲ್ಲಿದ್ದ ಕುಂಟನೇ ಸಿಕ್ಕ. “ಹೆಸರಾ? ಕುಳ್ಳಿ ಅಂತ ಅಲ್ವಾ ಅಕ್ಕಾ?” ಎಂದು ಅವನೇ ಇವಳನ್ನು ಕೇಳಿದ.

ಕೊನೆಗೆ ನೈರೋಬಿಯಲ್ಲಿ ಕುಳ್ಳಿಯ ಮುದಿ ಸೋದರತ್ತೆ ಸಿಕ್ಕಳು. ಕಿವಿ ಮಂದ. ಬಿಲಾನ್ ಕಿರುಚಿ ಕಿರುಚಿ ಕೇಳಿದ್ದಕ್ಕೆ ಹೋಟೆಲ್ಲಿನ ಆಚೀಚೆ ಕೋಣೆಯವರು ಗೋಡೆ ಬಡಿದರು. ಮುದುಕಿ ಬಹಳ ಹೊತ್ತು ಯೋಚಿಸಿ, ಕೆಮ್ಮಿ, ತನ್ನ ಅಣ್ಣನನ್ನೂ ಅಣ್ಣನ ಹೆಂಡತಿಯನ್ನೂ ಸಾಕಷ್ಟು ಬೈದು, ಆಮೇಲೆ ಹೆಸರು ಹೇಳಿದಳು. ಬಿಲಾನ್ ಅದನ್ನು ಬಾಯಿಪಾಠ ಮಾಡಿಕೊಂಡಳು. ಆ ಹೆಸರೇನೆಂದು ಇಲ್ಲಿ ಹೇಳುವಂತಿಲ್ಲ; ಡರ್ವ್ಲಾಳ ಅಪ್ಪಣೆ ಇನ್ನೂ ಆಗಿಲ್ಲ.

ಹೌದು, ಅಲ್ಲೇ ಎಡವಟ್ಟಾದದ್ದು. ಬಿಲಾನ್ ಗೆದ್ದ ಮುಖ ಹೊತ್ತು ಕಚೇರಿಗೆ ಹೋಗಿ “ಸಿಕ್ತು!” ಎಂದರೆ, ಡರ್ವ್ಲಾ ಎರಡೂ ಕೈ ಮೇಲೆತ್ತಿದಳು.

“ಒಳ್ಳೇದೇ ಆಯ್ತು. ಆದ್ರೆ ಕೋರ್ಟಲ್ಲಿ ಅದನ್ನ ಎತ್ತೋ ಹಾಗಿಲ್ಲ.”

“ಹೆಸರು ಗೊತ್ತಿಲ್ಲ ಅಂತ ತಾನೆ ಓಡಿಸಿದ್ದು? ಈಗ ಗೊತ್ತಿದೆ!”

“ಆವತ್ತು ಮಂಡಳಿ ಮುಂದೆ ಏನಿತ್ತೋ ಅಷ್ಟನ್ನೇ ನ್ಯಾಯಾಧೀಶರು ನೋಡೋದು. ಆವತ್ತು ಹೆಸರಿರಲಿಲ್ಲ. ಹೆಸರು ಗೊತ್ತಿಲ್ಲದೇ ಇರೋದು ನಿಮ್ಮ ಕಡೆ ಸಹಜ, ಅದನ್ನ ಮಂಡಳಿ ಯೋಚನೇನೇ ಮಾಡ್ಲಿಲ್ಲ ಅನ್ನೋದು ನಮ್ಮ ವಾದ. ಮಧ್ಯದಲ್ಲಿ ನೀವು ಎದ್ದು ಹೆಸರು ಕೂಗಿದ್ರೆ ಎಲ್ಲಾ ಗೊಂದಲ. ಗೆದ್ದು ಮಂಡಳಿಗೆ ವಾಪಸ್ ಹೋಗ್ತೀವಲ್ಲ, ಮೊದಲನೇ ದಿನಾನೇ ಹೇಳೋಣ. ಅಲ್ಲೀವರೆಗೂ ಬಾಯಿ ಮುಚ್ಚಿಕೊಂಡಿರಿ.”

“ಅಕ್ಕ ಬಾಯಿ ಮುಚ್ಚಿಕೊಂಡಿರೋದಾ?” ಎಂದು ರೇಡಿಯೋ ತನ್ನದೇ ಖಾತೆಯಲ್ಲಿ ಸೇರಿಸಿದ. “ನೋಡೋಕೆ ಟಿಕೆಟ್ ಇಡಬಹುದು.”

“ನೀನು ಸುಮ್ನಿರೋ, ಬ್ಯಾಟರಿ ಕಿತ್ತುಬಿಡ್ತೀನಿ,” ಎಂದಳು ಬಿಲಾನ್.

ವಿಚಾರಣೆಯ ದಿನ ನದಿಯ ದಂಡೆಯ ಹೈಕೋರ್ಟಿನ ಹಸಿರು ಗುಮ್ಮಟದ ಕೆಳಗೆ ಕರಿ ನಿಲುವಂಗಿಗಳ ಸಂತೆ. ಬಿಲಾನ್ ತನ್ನ ಒಳ್ಳೆಯ ಕೇಸರಿ ಬಟ್ಟೆ ಉಟ್ಟು, ಡರ್ವ್ಲಾ ಮತ್ತು ರೇಡಿಯೋ ನಡುವೆ ಬೆಂಚಿನ ಮೇಲೆ ಕೂತು, ಮೊದಲ ಕಾಲು ಗಂಟೆಯಲ್ಲೇ ಎಲ್ಲರಿಗೂ ಹೆಸರಿಟ್ಟಳು. ತನ್ನ ಕಡೆಯ ಹಿರಿಯ ವಕೀಲರು ಪ್ರತಿ ಮಾತಿಗೂ ಮುಂಚೆ ಕೆಮ್ಮುತ್ತಿದ್ದರು, ಅವರು ಗಂಟಲು. ಸರ್ಕಾರದ ಕಡೆಯವರು ಉದ್ದ ಕುತ್ತಿಗೆಯವರು, ಒಂದು ಕಾಲ ಮೇಲೆ ಭಾರ ಹಾಕಿ ನಿಲ್ಲುವವರು, ಅವರು ಕೊಕ್ಕರೆ. ನ್ಯಾಯಾಧೀಶರ ಮುಖದಲ್ಲಿ ಕಂಡದ್ದೆಲ್ಲ ಹುಬ್ಬೇ, ಅವರು ಹುಬ್ಬು. ಅವರ ಹುಟ್ಟುಹೆಸರುಗಳನ್ನು ಬಿಲಾನ್ ಕೇಳಲಿಲ್ಲ. ಕೇಳಿದ್ದರೆ ನಮಗೂ ಗೊತ್ತಾಗುತ್ತಿತ್ತು.

ಗುಮಾಸ್ತೆ ಎದ್ದು ಕೂಗಿದಳು: “ಬಿ. ಡಬ್ಲ್ಯು., ಎದುರು ಮಂಡಳಿ.”

ಬಿಲಾನ್ ಪಾಪ ಯಾರಿರಬಹುದೆಂದು ಹಿಂದೆ ತಿರುಗಿ ನೋಡಿದಳು.

“ನೀವೇ,” ಎಂದು ಡರ್ವ್ಲಾ ಪಿಸುಗುಟ್ಟಿದಳು. “ಆಶ್ರಯ ಕೇಳಿದವರ ಹೆಸರನ್ನ ಇಲ್ಲಿ ಬಾಯಲ್ಲಿ ಆಡಲ್ಲ, ಮೊದಲ ಅಕ್ಷರಗಳು ಮಾತ್ರ. ನಿಮ್ಮ ರಕ್ಷಣೆಗೆ.”

ಊಟದ ಹೊತ್ತಿನವರೆಗೂ ವಕೀಲರು ಬಿಲಾನಳನ್ನು ಅರ್ಜಿದಾರಳು ಎಂದರು, ಬಿ. ಡಬ್ಲ್ಯು. ಎಂದರು, ಸದರಿಯವಳು ಎಂದರು. ಗಂಟಲು ಕೆಮ್ಮಿ ಕೆಮ್ಮಿ ವಾದಿಸಿದರು: ಸೊಮಾಲಿಗಳ ಅಡ್ಡಹೆಸರಿನ ಪದ್ಧತಿಯ ವರದಿ ಮಂಡಳಿಯ ಮುಂದೆಯೇ ಇತ್ತು, ಅದರ ಬಗ್ಗೆ ಒಂದಕ್ಷರ ಬರೆದಿಲ್ಲ. ಹೆಸರು ಯಾಕೆ ಗೊತ್ತಿಲ್ಲ ಎಂದು ಅವಳನ್ನು ಒಂದು ಮಾತು ಕೇಳಲೂ ಇಲ್ಲ. ಕೇಳದೆಯೇ ಸುಳ್ಳುಗಾತಿ ಎಂದರು. ಏಲಕ್ಕಿಯ ಮಾತು ಬರಲೇ ಇಲ್ಲ.

ಊಟಕ್ಕೆ ಬಿಟ್ಟಾಗ ಹೊರಗಿನ ಕಂಬದ ಬಳಿ ಬಿಲಾನ್ ಸಿಡಿದಳು. “ಬೆಳಿಗ್ಗೆಯಿಂದ ನನ್ನ ಬಗ್ಗೇನೇ ಮಾತು, ಒಬ್ಬರಿಗೂ ನನ್ನ ಹೆಸರು ಗೊತ್ತಿಲ್ಲ! ಎರಡು ಅಕ್ಷರ ಸಾಕಂತೆ. ಹಾಗಾದ್ರೆ ನಾನೂ ಹುಟ್ಟೇ ಇಲ್ವಾ? ಕೇಳೋ ಅವರನ್ನ, ರೇಡಿಯೋ!”

ರೇಡಿಯೋ ಕೇಳಿದ. ಗಂಟಲು ಸ್ಯಾಂಡ್‌ವಿಚ್ ಅಗಿಯುವುದನ್ನು ನಿಲ್ಲಿಸಿದರು. ಈ ಸಲ ಅವರು ಕೆಮ್ಮಲೂ ಇಲ್ಲ.

ಮಧ್ಯಾಹ್ನ ಕೊಕ್ಕರೆಯ ಸರದಿ. ಅವರು ಕೆಟ್ಟವರೇನಲ್ಲ, ಕೆಲಸ ಅವರದು. “ಸ್ವಾಮಿ, ಸಾಮಾನ್ಯ ಬುದ್ಧಿಯ ಮಾತು ಹೇಳ್ತೀನಿ. ಹದಿನೈದು ವರ್ಷ ಪಕ್ಕದಲ್ಲಿ ಕೂತವಳ ಹೆಸರು ಗೊತ್ತಿಲ್ಲ ಅಂದ್ರೆ ಯಾರು ತಾನೆ ನಂಬ್ತಾರೆ?”

ಹುಬ್ಬು ಒಮ್ಮೆ ಮೇಲೇರಿ ಇಳಿಯಿತು. “ತಾವು ನೈಋತ್ಯ ಕಡಲತಡಿಯ ಬೇರಾ ಸೀಮೆಯವರಲ್ಲವೇ?”

“ಹೌದು ಸ್ವಾಮಿ.”

“ಅಲ್ಲಿ ಬಹುಪಾಲು ಎಲ್ಲರ ಮನೆತನದ ಹೆಸರೂ ಓಸಲಿವನ್.”

“ಉಳಿದವರು ಓಸಲಿವನ್ನರ ಅಳಿಯಂದಿರು ಸ್ವಾಮಿ.”

“ಯಾರು ಯಾವ ಓಸಲಿವನ್ ಅಂತ ಹೇಗೆ ಗೊತ್ತಾಗುತ್ತೆ?”

ಕೊಕ್ಕರೆ ಎರಡೂ ಕಾಲ ಮೇಲೆ ನಿಂತರು. “ಅಡ್ಡಹೆಸರು ಇರುತ್ತೆ ಸ್ವಾಮಿ.”

“ತಮಗೆ ದೋಣಿ ಹುಟ್ಟು ಹಾಕೋದು ಕಲಿಸಿದವರು ಯಾರು?”

“ಬೆಲ್ಲ,” ಎಂದುಬಿಟ್ಟರು ಕೊಕ್ಕರೆ. “ಬೆಲ್ಲ ಅಂತ ಕರೀತಿದ್ವಿ. ಅವರ ಅಂತ್ಯಕ್ರಿಯೆಗೆ ಹೆಣ ಹೊತ್ತವರಲ್ಲಿ ನಾನೂ ಒಬ್ಬ ಸ್ವಾಮಿ.”

“ಹೆಸರು?”

ಕೊಕ್ಕರೆ ಕಾಗದ ನೋಡಿದರು, ಛಾವಣಿ ನೋಡಿದರು. ಕಿವಿ ಕೆಂಪಾಯಿತು.

“ಇದು ಸಾಕ್ಷ್ಯ ಅಲ್ಲ. ನಾನು ಆಗಲೇ ಮರೆತಿದ್ದೀನಿ, ತಾವೂ ಮರೀರಿ,” ಎಂದರು ಹುಬ್ಬು. ಆಮೇಲೆ ಗಂಟಲಿನ ಕಡೆ ತಿರುಗಿ, “ಅಂದಹಾಗೆ, ಆ ಹೆಂಗಸಿನ ನಿಜವಾದ ಹೆಸರು ಏನಿತ್ತು ಅನ್ನೋದು ಇವತ್ತಿಗಾದರೂ ಯಾರಿಗಾದರೂ ಗೊತ್ತೇ?” ಎಂದರು.

ರೇಡಿಯೋ ಅಭ್ಯಾಸಬಲದಿಂದ ಅದನ್ನು ತಿರುಗಿಸಿ ಹೇಳಿಬಿಟ್ಟ. ಬಿಲಾನ್ ಬೆಂಚಿನಿಂದ ಅರ್ಧ ಎದ್ದೇಬಿಟ್ಟಳು. ಹೆಸರು ನಾಲಗೆಯ ತುದಿಗೆ ಬಂತು, ತುಟಿ ಬಿಚ್ಚಿತು. ಡರ್ವ್ಲಾ ಒಂದು ಕೈಯಿಂದ ಅವಳ ಬಟ್ಟೆ ಹಿಡಿದೆಳೆದು, ಇನ್ನೊಂದು ಕೈಯಿಂದ, ಬೆಳಿಗ್ಗೆಯಿಂದ ಇದಕ್ಕೆಂದೇ ಹಿಡಿದುಕೊಂಡಿದ್ದವಳಂತೆ, ಅವಳ ಬಾಯಿಗೆ ಒಂದು ದಪ್ಪ ಟಾಫಿ ತುರುಕಿದಳು. ಅದೆಂಥ ಟಾಫಿಯೋ, ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಗಪ್ಪನೆ ಅಂಟಿತು.

“ತಮ್ಮ ಮುಂದಿರುವ ಕಾಗದಗಳಲ್ಲಿ ಅದಿಲ್ಲ ಸ್ವಾಮಿ,” ಎಂದರು ಗಂಟಲು. ಅದು ಸತ್ಯವೇ ಆಗಿತ್ತು. “ಇರಬೇಕಾದ್ದೂ ಇಲ್ಲ. ಈ ನ್ಯಾಯಾಲಯ ಇಡೀ ದಿನ ಒಬ್ಬ ಹೆಂಗಸಿನ ಬದುಕಿನ ಬಗ್ಗೆ ವಿಚಾರ ಮಾಡಿದೆ. ಎರಡು ಅಕ್ಷರ ಬಿಟ್ಟರೆ ಅವಳ ಹೆಸರನ್ನ ಯಾರೂ ಬಾಯಲ್ಲಿ ಆಡಿಲ್ಲ. ಅದಕ್ಕೆ ನಮ್ಮ ಕಾರಣ ನಮಗಿದೆ. ಹಾಗಂತ ಆಕೆ ಇಲ್ಲ ಅಂತ ಇಲ್ಲಿ ಯಾರೂ ಅಂದುಕೊಂಡಿಲ್ಲ.”

ಹುಬ್ಬಿನ ಕೆಳಗಿನ ಕಣ್ಣು ಹಿಂದಿನ ಬೆಂಚಿಗೆ ಬಂತು. ಅಲ್ಲಿ ಕೇಸರಿ ಬಟ್ಟೆಯ ಹೆಂಗಸೊಬ್ಬಳು ಒಂದು ಕೆನ್ನೆ ಊದಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ತಮ್ಮನ್ನೇ ನೋಡುತ್ತಿದ್ದಳು. ಅವರು ಮತ್ತೇನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಒಳಗೆ ಹೋಗಿ ಬಂದು, ಮಂಡಳಿಯ ತೀರ್ಮಾನವನ್ನು ರದ್ದು ಮಾಡಿದೆ ಎಂದರು. ಕೇಳಬೇಕಾದ್ದನ್ನು ಕೇಳಿಲ್ಲ, ಓದಬೇಕಾದ್ದನ್ನು ಓದಿಲ್ಲ. ಬೇರೆ ಸದಸ್ಯರು ಮೊದಲಿಂದ ವಿಚಾರಣೆ ಮಾಡಲಿ.

“ಪಾತ್ರೆ ಕೊಳಕಾಗಿತ್ತಂತೆ ಅಕ್ಕಾ,” ಎಂದ ರೇಡಿಯೋ.

ಹೊರಗೆ ಬಂದು ನದಿಯ ಕಟ್ಟೆಯ ಮೇಲೆ ಮೂವರೂ ಕೂತರು. ಟಾಫಿ ಆಗಷ್ಟೇ ಕರಗಿತ್ತು. ಬಿಲಾನ್ ದವಡೆ ಆಡಿಸಿ ನೋಡಿಕೊಂಡಳು. ಗೆದ್ದದ್ದು ಹೌದು. ಇನ್ನೊಂದು ವರ್ಷವೋ ಎರಡು ವರ್ಷವೋ ಕಾಯಬೇಕು, ಮತ್ತೆ ಮಾರುಕಟ್ಟೆಯಿಂದ ಶುರು ಮಾಡಿ ಒಲೆಯ ಪಕ್ಕದವರೆಗೂ ಹೇಳಬೇಕು. ಆದರೆ ವಿಮಾನ ಇಲ್ಲ, ಸದ್ಯಕ್ಕಿಲ್ಲ.

“ಈಗ ಹೇಳಿ, ಯಾರೂ ತಡೆಯಲ್ಲ,” ಎಂದಳು ಡರ್ವ್ಲಾ.

ಬಿಲಾನ್ ನೀರಿನ ಕಡೆ ತಿರುಗಿದಳು. ದಿನವಿಡೀ ಹಲ್ಲಿನ ಹಿಂದೆ ಕೂಡಿಹಾಕಿದ್ದನ್ನು ಗಟ್ಟಿಯಾಗಿ ಹೇಳಿದಳು: “ಮುಮಿನೋ ಹಿಲೋಲೆ ನೂರ್.”

ಏನೂ ಆಗಲಿಲ್ಲ. ಅವಳು ಇನ್ನೊಮ್ಮೆ ಹೇಳಿ ನೋಡಿದಳು. ಯಾರೋ ಗುರುತಿಲ್ಲದ ಹೆಂಗಸಿನ ಹೆಸರು ಅದು, ಯಾವುದೋ ಮದರಸೆಯ ಟೀಚರಮ್ಮನದ್ದು ಇರಬಹುದು. ಆ ಹೆಸರಿಗೆ ಎತ್ತರವಿರಲಿಲ್ಲ, ಚಹಾದ ವಾಸನೆ ಇರಲಿಲ್ಲ. “ಇದು ಅವಳಲ್ಲ,” ಎಂದಳು ಬಿಲಾನ್. “ಮಂಡಳಿಯವರಿಗೆ ಬೇಕಾದ್ರೆ ಕೊಡ್ತೀನಿ, ಇಟ್ಕೊಳ್ಳಲಿ.” ಆಮೇಲೆ ಸಣ್ಣಗೆ, “ಕುಳ್ಳೀ, ಗೆದ್ವಿ ಕಣೇ,” ಎಂದಳು. ಅಷ್ಟಕ್ಕೇ ಕಣ್ಣು ಹರಿಯತೊಡಗಿತು.

ಡರ್ವ್ಲಾ ಕರವಸ್ತ್ರ ಕೊಟ್ಟಳು. ಸುಮ್ಮನೆ ಕೂತಿರಲಾರದೆ, “ನನಗೂ ಏನಾದರೂ ಹೆಸರಿಟ್ಟಿದ್ದೀರಾ?” ಎಂದು ಕೇಳಿದಳು.

ರೇಡಿಯೋ ಕೆಳಗೆ ಅವಳ ಪಾದ ನೋಡಿ ಹೇಳಿದ. ಒಂದು ಹಳದಿ, ಒಂದು ನೀಲಿ. ಡರ್ವ್ಲಾ ಕಾಲು ಮೇಲೆತ್ತಿ ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕಳು. ನಗು ನಿಂತ ಮೇಲೆ, “ಕುಳ್ಳಿ ನಿಮ್ಮನ್ನ ಏನಂತ ಕರೀತಿದ್ದಳು?” ಎಂದಳು.

ಬಿಲಾನ್ ಕರವಸ್ತ್ರವನ್ನು ಮಡಿಲಲ್ಲಿಟ್ಟುಕೊಂಡಳು. ಅಧಿಕಾರಿ ಇದನ್ನು ಕೇಳಿರಲಿಲ್ಲ, ಮಂಡಳಿ ಕೇಳಿರಲಿಲ್ಲ. ಹೋಟೆಲ್ಲಿನಲ್ಲಿ ಅವಳು ಬಿಲಾನ್, ಕೋರ್ಟಿನಲ್ಲಿ ಬಿ. ಡಬ್ಲ್ಯು., ಊರಿನ ಹುಡುಗರಿಗೆ ಅಕ್ಕ. ಕುಳ್ಳಿ ಸತ್ತ ಮೇಲೆ ಅವಳಿಟ್ಟ ಹೆಸರಿನಿಂದ ಯಾರೂ ಕರೆದಿರಲಿಲ್ಲ. ಅದು ಇತ್ತೆಂಬುದನ್ನೇ ಅವಳು ಮರೆತಿದ್ದಳು.

“ಅರೆಚಮಚ,” ಎಂದಳು ಮೆಲ್ಲಗೆ. “ಸಕ್ಕರೆ ಕಮ್ಮಿ ಹಾಕ್ತಿದ್ನಲ್ಲ. ಅರೆಚಮಚ ಅಂತ ಕರೀತಿದ್ಳು ಮುಂಡೇದು.”

ಡರ್ವ್ಲಾಗೆ ಕಚೇರಿಗೆ ಹೊತ್ತಾಗಿತ್ತು. ಅವಳು ಎದ್ದು ಬಿಲಾನಳನ್ನು ಗಟ್ಟಿಯಾಗಿ ತಬ್ಬಿಕೊಂಡು, ಫೈಲು ಕಂಕುಳಲ್ಲಿರಿಸಿ ಸೇತುವೆಯ ಕಡೆ ಹೋದಳು. ರೇಡಿಯೋ ಟ್ಯಾಕ್ಸಿ ತರಲು ಹೋದ. ಬಿಲಾನ್ ಒಬ್ಬಳೇ ಕಟ್ಟೆಯ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು. ಟ್ರಾಮಿನ ಗಂಟೆ, ಬಸ್ಸುಗಳ ಸದ್ದು, ಕಡಲಹಕ್ಕಿಗಳ ಗಲಾಟೆ. ಅಷ್ಟರ ನಡುವೆ ಸೇತುವೆಯ ಮೇಲಿಂದ ಯಾರೋ ಕೈ ಬೀಸಿ ಕೂಗಿದರು, ಸೊಟ್ಟ ಉಚ್ಚಾರದಲ್ಲಿ, ದಾರಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ:

“ಅರೆಚಮಚಾ! ನಾಳೆ ಫೋನ್ ಮಾಡ್ತೀನಿ!”

ಬಿಲಾನ್ ಥಟ್ಟನೆ ಎದ್ದು ನಿಂತು, “ಆಂ?” ಎಂದು ಓಗೊಟ್ಟಳು.